ಜೈಲೂ ಅತಿಥಿಗೃಹಗಳೂ ಇರುವ ದ್ವೀಪ

ಮಾಲ್ಡೀವ್ಸ್‌ನ ವೆಲಾನಾ ವಿಮಾನ ನಿಲ್ದಾಣದಿಂದ ಹೊರಬಂದರೆ ಎದುರಿಗೇ ಸಮುದ್ರ. ಬಾಗಿಲಾಚೆ ಸಾಲಾಗಿ ರೆಸಾರ್ಟುಗಳ ಕೌಂಟರುಗಳು. ಬೆಂಗಳೂರಿನ ವಿಮಾನದಲ್ಲಿ ನಮ್ಮೊಡನೆ ಬಂದಿಳಿದ ಹೊಸ ಜೋಡಿಗಳನ್ನು ಸಿಬ್ಬಂದಿ ಹೆಸರಿನ ಫಲಕ ಹಿಡಿದು ಕರೆದೊಯ್ದರು. ಕೆಲವೇ ಹೆಜ್ಜೆಗೆ ಸ್ಪೀಡ್‌ಬೋಟು, ಅದರಿಂದಿಳಿದರೆ ನೇರ ರೆಸಾರ್ಟ್. ಈ ದೇಶದ ಒಂದು ಬೀದಿಯನ್ನೂ ತುಳಿಯದೆ, ಇಲ್ಲಿನವರ ಮನೆಯ ಅಂಗಳ ನೋಡದೆ ವಾಪಸ್ಸು ಹೋಗುವುದು ಸುಲಭ. ಬಹಳ ಮಂದಿ ಹೋಗುವುದೂ ಹಾಗೆಯೇ.

ಇದು ತಾನಾಗಿ ಆದದ್ದಲ್ಲ. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆದ ಮೇಲೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ಪದ್ಧತಿ ಬೆಳೆಯಿತು. ಜನವಸತಿಯ ದ್ವೀಪಗಳಲ್ಲಿ ವಿದೇಶಿ ಪ್ರವಾಸಿಗರು ಉಳಿಯುವಂತಿರಲಿಲ್ಲ. ಸುಮಾರು 1,190 ದ್ವೀಪಗಳ ದೇಶದಲ್ಲಿ ಜನ ಒಂದು ದ್ವೀಪದಲ್ಲಿ, ಹಣ ಇನ್ನೊಂದು ದ್ವೀಪದಲ್ಲಿ. 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ದೇಶದ ಜನಸಂಖ್ಯೆ 2022ರ ಗಣತಿಯಲ್ಲಿ ಐದು ಲಕ್ಷ ಚಿಲ್ಲರೆ. ಇಷ್ಟು ಹಣ ಬರುವ ಪುಟ್ಟ ದೇಶದಲ್ಲಿ ಯಾರ ಮನೆಯಲ್ಲೂ ಜಾಗಕ್ಕೆ ಕೊರತೆ ಇರಬಾರದು ಎಂದು ನಾವು ಅಂದುಕೊಳ್ಳುತ್ತೇವೆ. ಮಾಲೆಗೆ ಬಂದು ನೋಡಬೇಕು.

ರಾಜಧಾನಿ ಮಾಲೆಯ ವಿಸ್ತೀರ್ಣ ಸುಮಾರು ಎರಡು ಚದರ ಕಿಲೋಮೀಟರು. ಅದರೊಳಗೆ ಲಕ್ಷಕ್ಕೂ ಮೀರಿದ ಜನ. ಒಳ್ಳೆಯ ಆಸ್ಪತ್ರೆ, ಕಾಲೇಜು, ಕಚೇರಿ ಎಲ್ಲವೂ ಇಲ್ಲೇ ಇರುವುದರಿಂದ ದೂರದ ದ್ವೀಪಗಳವರು ಮಕ್ಕಳನ್ನು ಕರೆದುಕೊಂಡು ಬಂದು ಬಾಡಿಗೆ ಕೋಣೆ ಹಿಡಿಯುತ್ತಾರೆ. ಒಂದೇ ಕೋಣೆಗೆ ಪ್ಲೈವುಡ್ ಅಡ್ಡ ಹಾಕಿ ಎರಡು ಸಂಸಾರ ಇರುವುದನ್ನು ನಾನು ಕಂಡೆ. ಅವರಿಗಿಂತ ಕೆಳಗೆ ವಿದೇಶಿ ಕೂಲಿಕಾರರು. ಕಟ್ಟಡ ಕಟ್ಟುವವರು, ಬೀದಿ ಗುಡಿಸುವವರು, ಹೋಟೆಲಿನಲ್ಲಿ ಲೋಟ ತೊಳೆಯುವವರು ಹೆಚ್ಚಿನಂಶ ಬಾಂಗ್ಲಾದೇಶದವರು, ನಮ್ಮವರೂ ಇದ್ದಾರೆ. 2022ರ ನವೆಂಬರಿನಲ್ಲಿ ಇಂಥ ಕೂಲಿಕಾರರು ಕಿಕ್ಕಿರಿದಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಕೆಳಗೆ ವಾಹನ ರಿಪೇರಿ ಗ್ಯಾರೇಜು, ಮೇಲೆ ಜನ. ಹತ್ತು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಭಾರತೀಯರು. ನೂರಾರು ಡಾಲರಿನ ಒಂದು ರಾತ್ರಿಯ ಬಂಗಲೆಗಳು ಅಲ್ಲಿಂದ ದೋಣಿಯಲ್ಲಿ ಅರ್ಧ ಗಂಟೆಯ ದೂರದಲ್ಲಿವೆ. ಇದನ್ನು ಬರೆಯುವಾಗ ಇವತ್ತಿಗೂ ಸಿಟ್ಟು ಬರುತ್ತದೆ.

ಸಂಜೆ ಮೀನು ಮಾರುಕಟ್ಟೆಯ ಹತ್ತಿರದ ಚಹಾ ಹೋಟೆಲಿಗೆ ಹೋದೆ. ಮೇಜಿನ ತುಂಬ ಪುಟ್ಟ ತಟ್ಟೆಗಳಲ್ಲಿ ಹೆದಿಕಾ, ಅಂದರೆ ಕರಿದ ತಿಂಡಿಗಳು, ತಿಂದಷ್ಟಕ್ಕೆ ದುಡ್ಡು. ಮೀನು, ಕೊಬ್ಬರಿ ತುಂಬಿದ ಗುಳ ತಿನ್ನುತ್ತಾ ಪಕ್ಕದಲ್ಲಿದ್ದ ನಿವೃತ್ತ ಗುಮಾಸ್ತರೊಬ್ಬರ ಜೊತೆ ಮಾತಿಗೆ ಕುಳಿತೆ. ಸಿನಿಮಾ ನೋಡಿ ಕಲಿತ ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು. ಭ್ರಷ್ಟಾಚಾರದ ಮಾತು ನಾನೆತ್ತಲಿಲ್ಲ, ಅವರೇ ಎತ್ತಿದರು. ಇಲ್ಲಿ ಎಮ್‌ಎಮ್‌ಪಿಆರ್‌ಸಿ ಎಂಬ ಐದಕ್ಷರ ಹೇಳಿದರೆ ಸಾಕು, ಮಕ್ಕಳಿಗೂ ಗೊತ್ತು.

ಅದು ದೇಶದ ಪ್ರವಾಸೋದ್ಯಮಕ್ಕೆ ಪ್ರಚಾರ ಕೊಡಬೇಕಿದ್ದ ಸರ್ಕಾರಿ ಕಂಪನಿ. 2014ರಲ್ಲಿ ಕಾನೂನು ತಿದ್ದಿ, ಟೆಂಡರ್ ಇಲ್ಲದೆ ದ್ವೀಪಗಳನ್ನು ಗುತ್ತಿಗೆಗೆ ಕೊಡುವ ದಾರಿ ಅದಕ್ಕೆ ಮಾಡಿಕೊಟ್ಟರು. ಮುಂದೆ ನಡೆದದ್ದು ಇಷ್ಟು. ಐವತ್ತಕ್ಕೂ ಹೆಚ್ಚು ದ್ವೀಪಗಳೂ ಲಗೂನುಗಳೂ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲೂ, ಗುತ್ತಿಗೆಗೆ ಹೋದವು. ಹೂಡಿಕೆದಾರರು ಕೊಟ್ಟ ಹಣ ಖಜಾನೆಗೆ ಹೋಗದೆ ಒಂದು ಖಾಸಗಿ ಕಂಪನಿಯ ಖಾತೆಗೆ ಇಳಿದು, ಅಲ್ಲಿಂದ ಹಂಚಿಹೋಯಿತು. 2016ರ ಆಡಿಟ್ ವರದಿ ಲೆಕ್ಕ ಹಾಕಿದ್ದು ಸುಮಾರು 7.9 ಕೋಟಿ ಡಾಲರ್. ಇಲ್ಲಿನ ಹಣದಲ್ಲಿ 120 ಕೋಟಿ ರುಫಿಯಾ. ಹಸುಗೂಸನ್ನೂ ಸೇರಿಸಿ ಹಂಚಿದರೂ ತಲೆಗೆ ಎರಡು ಸಾವಿರ ಮೀರುತ್ತದೆ. ಆಗ ಪ್ರವಾಸೋದ್ಯಮ ಸಚಿವರಾಗಿದ್ದು ಆಮೇಲೆ ದೇಶದ ಉಪಾಧ್ಯಕ್ಷರಾದ ಅಹ್ಮದ್ ಅದೀಬ್‌ಗೆ 2020ರಲ್ಲಿ ಇಪ್ಪತ್ತು ವರ್ಷ ಶಿಕ್ಷೆಯಾಯಿತು. ಅಧ್ಯಕ್ಷರಾಗಿದ್ದ ಅಬ್ದುಲ್ಲಾ ಯಾಮೀನ್‌ಗೆ ಇದೇ ಹಣಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ 2019ರಲ್ಲಿ ಐದು ವರ್ಷ ಜೈಲು, 50 ಲಕ್ಷ ಡಾಲರ್ ದಂಡ ವಿಧಿಸಿದರು. 2021ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು.

"ಟೆಂಡರ್ ಕರೆದಿದ್ದರೆ ನಮ್ಮ ಹುಡುಗನೂ ಅರ್ಜಿ ಹಾಕುತ್ತಿದ್ದ ಅಂತಲ್ಲ ಸಾಬ್, ಯಾರು ಎಷ್ಟು ಕೊಟ್ಟರು ಅಂತ ತಿಳೀತಿತ್ತು," ಅಂದರು ಗುಮಾಸ್ತರು.

ಮಾಲೆಯಿಂದ ಮಾಫುಶಿ ಎಂಬ ದ್ವೀಪಕ್ಕೆ ಸರ್ಕಾರಿ ಫೆರಿ ಹಿಡಿದೆ. ಶುಕ್ರವಾರ ಇರದಿರಬಹುದು, ಮೊದಲೇ ವಿಚಾರಿಸಿ. ಸ್ಪೀಡ್‌ಬೋಟಿಗಿಂತ ನಿಧಾನ, ಆದರೆ ಟಿಕೆಟ್ಟು ಬಹಳ ಅಗ್ಗ. ಅಕ್ಕಿ ಮೂಟೆ, ಡಯಾಪರ್ ಪೆಟ್ಟಿಗೆ, ಫ್ಯಾನು ಹೊತ್ತ ಜನರ ಜೊತೆ ಕೂರಬಹುದು. ಪಶ್ಚಿಮಕ್ಕೆ ತಿಲಫುಶಿ ಕಂಡಿತು. ಮಾಲೆಯ ಕಸವನ್ನೂ ರೆಸಾರ್ಟುಗಳ ಕಸವನ್ನೂ ಲಗೂನಿಗೆ ಸುರಿದು ಸುರಿದು ಆದ ದ್ವೀಪ ಅದು.

ಮಾಫುಶಿಯ ಒಂದು ತುದಿಯಲ್ಲಿ ದೇಶದ ದೊಡ್ಡ ಜೈಲು. 2003ರ ಸೆಪ್ಟೆಂಬರಿನಲ್ಲಿ ಇಲ್ಲಿ ಇವಾನ್ ನಸೀಮ್ ಎಂಬ ಹತ್ತೊಂಬತ್ತರ ಹುಡುಗನನ್ನು ಕಾವಲುಗಾರರು ಹೊಡೆದು ಕೊಂದರು. ಮಾಲೆಯ ಜನ ಬೀದಿಗಿಳಿದರು. ಅಧ್ಯಕ್ಷ ಮಾಮೂನ್ ಗಯೂಮ್ ಅವರ ಮೂವತ್ತು ವರ್ಷದ ಆಳ್ವಿಕೆ 2008ರ ಚುನಾವಣೆಯಲ್ಲಿ ಕೊನೆಗೊಂಡದ್ದರ ಬೇರು ಆ ದಿನದಲ್ಲಿದೆ. ಆ ಚುನಾವಣೆ ಗೆದ್ದ ಮೊಹಮ್ಮದ್ ನಶೀದ್, ಆಮೇಲೆ ಗಯೂಮ್, ಅವರ ಬಳಿಕ ಯಾಮೀನ್, ಮೂವರು ಮಾಜಿ ಅಧ್ಯಕ್ಷರೂ ಬೇರೆ ಬೇರೆ ಕಾಲದಲ್ಲಿ ಇದೇ ಜೈಲಿಗೆ ಬಂದರು. ಗೆದ್ದವನು ಸೋತವನನ್ನು ಕಳಿಸುವ ಜಾಗ ಇದಾಗಿರುವಾಗ, ನಿಜವಾಗಿ ಕದ್ದವರಿಗೆ ಶಿಕ್ಷೆಯಾದರೂ ಜನ ಅದನ್ನು ನ್ಯಾಯ ಎಂದು ನಂಬುವುದು ಕಷ್ಟ. ನನಗೆ ಇಲ್ಲಿ ಅತಿ ದೊಡ್ಡ ನಷ್ಟವಾಗಿ ಕಂಡದ್ದು ಅದೇ.

ದ್ವೀಪದ ಇನ್ನರ್ಧ ಅತಿಥಿಗೃಹಗಳು. 2008ರ ಬಳಿಕ ಸ್ಥಳೀಯರು ಮನೆಯಲ್ಲೇ ಪ್ರವಾಸಿಗರನ್ನು ಇರಿಸಿಕೊಳ್ಳಬಹುದೆಂದು ಕಾನೂನು ಬದಲಾಯಿತು. ಮಾಫುಶಿ ಮೊದಲಿಗೇ ಕೈಹಾಕಿತು. ಈಗ ಅಲ್ಲಿ ಮಸೀದಿ, ಶಾಲೆ, ಪ್ರವಾಸಿಗರಿಗೆಂದು ಮರೆ ಕಟ್ಟಿದ ಕಡಲ ದಂಡೆ ಎಲ್ಲವೂ ಅಕ್ಕಪಕ್ಕ. ನಾನು ಉಳಿದಲ್ಲಿ ಅಡುಗೆಯವರು ಕುಂದಾಪುರದ ಕಡೆಯವರು.

"ಬೆಂಗ್ಳೂರಿಂದ ಬಂದ್ರಾ ಮಾರಾಯ್ರೆ? ಕೂತ್ಕಣಿ, ಮೀನ್ ಸಾರ್ ಮಾಡ್ತೆ," ಅಂದರು. ಊರಿಗೆ ದುಡ್ಡು ಕಳಿಸುವ ಕಷ್ಟ ಹೇಳಿಕೊಂಡರು. ಸಂಬಳ ರುಫಿಯಾದಲ್ಲಿ. ಸರ್ಕಾರಿ ದರ ಡಾಲರಿಗೆ 15.42, ಆದರೆ ಆ ದರಕ್ಕೆ ಬ್ಯಾಂಕಿನಲ್ಲಿ ಬೇಕಾದಷ್ಟು ಸಿಗುವುದಿಲ್ಲ. ಹೊರಗೆ ಹೆಚ್ಚು ಕೊಟ್ಟು ಕೊಳ್ಳಬೇಕು. ಡಾಲರು ಗಳಿಸುವುದು ರೆಸಾರ್ಟು. ಅಕ್ಕಿ, ಈರುಳ್ಳಿ, ಮೊಟ್ಟೆ, ಕಟ್ಟಡದ ಮರಳು, ಜಲ್ಲಿಯವರೆಗೆ ಎಲ್ಲವನ್ನೂ ಭಾರತದಂಥ ಕಡೆಯಿಂದ ಡಾಲರಿಗೆ ತರಿಸಿ ತಿನ್ನಬೇಕಾದವರು ಉಳಿದವರು. ಕಾಳಸಂತೆಯ ಆ ಹೆಚ್ಚಿನ ದರ ಕೊನೆಗೆ ಕೂಲಿಯವನ ಊಟದ ಬಿಲ್ಲಿಗೆ ಬಂದು ಸೇರುತ್ತದೆ. ರೆಸಾರ್ಟುಗಳು ಗಳಿಕೆಯ ಒಂದು ಪಾಲನ್ನು ದೇಶದ ಬ್ಯಾಂಕಿಗೆ ಮಾರಲೇಬೇಕು ಎಂಬ ನಿಯಮ ಬಂದದ್ದು 2024ರಲ್ಲಿ, ಪ್ರವಾಸೋದ್ಯಮಕ್ಕೆ ಅರ್ಧ ಶತಮಾನ ತುಂಬಿದ ಮೇಲೆ.

ಅತಿಥಿಗೃಹದ ಯಜಮಾನರು ಮೊದಲು ಮೀನುಗಾರರು. ಇಲ್ಲಿ ಟ್ಯೂನಾವನ್ನು ಬಲೆ ಬೀಸಿ ಹಿಡಿಯುವುದಿಲ್ಲ, ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುತ್ತಾರೆ. ಅದಕ್ಕೆ ಮೊದಲು ಲಗೂನಿನಲ್ಲಿ ಚಿಕ್ಕ ಮೀನು ಹಿಡಿದು ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳಬೇಕು. ಕಡಲಿಗೆ ಹೋಗಿ ಅವನ್ನು ಎರಚಿದಾಗ ಟ್ಯೂನಾ ಮೇಲೇಳುತ್ತದೆ. ಲಗೂನು ರೆಸಾರ್ಟಿಗೆ ಹೋದರೆ ಆ ಚಿಕ್ಕ ಮೀನು ಹಿಡಿಯುವ ಜಾಗವೂ ಹೋದಂತೆ. ಅವರ ತಂದೆ ಹೋಗುತ್ತಿದ್ದ ಒಂದು ಲಗೂನಿಗೆ ಈಗ ದೋಣಿ ಬಿಡುವುದಿಲ್ಲವಂತೆ. ಇನ್ನೂ ದೂರ ಹೋಗಬೇಕು, ಡೀಸೆಲ್ ಸುಡಬೇಕು.

ಯಾರಿಗೆ ಮತ ಹಾಕಿದಿರಿ ಎಂದು ನಾನು ಕೇಳಲಿಲ್ಲ. ಈ ದೇಶದವರು 2013, 2018, 2023ರಲ್ಲಿ ಯಾವ ಅಧ್ಯಕ್ಷರಿಗೂ ಎರಡನೇ ಅವಧಿ ಕೊಟ್ಟಿಲ್ಲ. ಬದಲಾಗಬೇಕಾದದ್ದು ಏನು ಎಂದು ಕೇಳಿದೆ. ಅವರು ಊರಿನ ಕೌನ್ಸಿಲ್ ಕಚೇರಿಯ ಕಡೆ ಕೈ ತೋರಿಸಿದರು. ನಾವು ಆರಿಸುವುದು ಈ ಕೌನ್ಸಿಲನ್ನು, ಲಗೂನಿನ ತೀರ್ಮಾನ ಆಗುವುದು ಮಾಲೆಯ ಸಚಿವಾಲಯದಲ್ಲಿ ಅಂದರು. ಗುತ್ತಿಗೆ ಐವತ್ತು ವರ್ಷದ್ದು. ತನ್ನ ಮೊಮ್ಮಗನ ಕಾಲಕ್ಕೂ ಅದು ನಡೆದಿರುತ್ತದೆ. ಆದ್ದರಿಂದ ಯಾರಿಗೆ, ಎಷ್ಟಕ್ಕೆ, ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದ ಕಾಗದವನ್ನು ಸಹಿ ಬೀಳುವ ಮೊದಲೇ ಈ ಕಚೇರಿಯ ಗೋಡೆಗೆ ಅಂಟಿಸಬೇಕು, ಮೀನುಗಾರರು ಬಂದು ಓದಿ ಬೇಡ ಅನ್ನಲು ಒಂದು ತಿಂಗಳು ಕೊಡಬೇಕು ಎಂಬುದು ಅವರ ಬೇಡಿಕೆ. ಅದಕ್ಕೆ ಬೇಕಾಗುವ ಖರ್ಚು ಒಂದು ಹಾಳೆಯದು. ಅದನ್ನೂ ಮಾಡದ ಸರ್ಕಾರ ಭ್ರಷ್ಟಾಚಾರದ ವಿರುದ್ಧ ಎಷ್ಟು ಆಯೋಗ ರಚಿಸಿದರೂ ನಾನು ನಂಬಲಾರೆ.