ಮೆತ್ತು ಹತ್ತಿದ ಕ್ಯಾಸೆಟ್ಟುಗಳು

ಶನಿವಾರ ರಾತ್ರಿ

ಅಪ್ಪಯ್ಯ ಇಷ್ಟು ವರ್ಷ ಜೋಪಾನ ಮಾಡಿದ ತಾಳಮದ್ದಲೆಯ ಕ್ಯಾಸೆಟ್ಟುಗಳಲ್ಲಿ ಹನ್ನೊಂದು ಕಂಪ್ಯೂಟರಿಗೆ ಇಳಿದಿವೆ. ಯಕ್ಷಗಾನದ ಹಾಡುಗಾರ ನೆಬ್ಬೂರು ನಾರಾಯಣ ಭಾಗವತರ ಪದಗಳಿರುವ ಎರಡಕ್ಕೆ ಶಿರಸಿಯ ಮಳೆಗಾಲದ ಬೂಷ್ಟು ಹಿಡಿಯತೊಡಗಿತ್ತು. ಅವನ್ನೇ ಮೊದಲು ಮುಗಿಸಿದೆ. ತೊಂಬತ್ತು ನಿಮಿಷದ ಕ್ಯಾಸೆಟ್ಟೊಂದು ಕುಗ್ಗಿಸದ ವೇವ್ ಕಡತವಾದರೆ ಸುಮಾರು 950 ಎಂಬಿ. ಪ್ರತಿ ಸಲ ಪೆನ್‌ಡ್ರೈವ್ ಹಿಡಿದು ಮೆತ್ತು (ಮಹಡಿ) ಹತ್ತಿಳಿಯುವುದು ಸಾಕಾಗಿದೆ.

ಜಗಲಿಯ ಕಂಪ್ಯೂಟರಿನಲ್ಲಿರುವುದು ಲಿನಕ್ಸ್ ಮಿಂಟ್, ಮೆತ್ತಿನ ಮೇಲಿನ ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಪ್ರೊ. ಲಿನಕ್ಸಿನ ಫೋಲ್ಡರನ್ನು ವಿಂಡೋಸಿಗೆ ಹಂಚುವ ಸಾಂಬಾ ತಂತ್ರಾಂಶ ಹಾಕಿ ಫೋಲ್ಡರ್ ಹಂಚಿದೆ. ವಿಂಡೋಸಿನ ಪಟ್ಟಿಯಲ್ಲಿ ಜಗಲಿಯ ಕಂಪ್ಯೂಟರಿನ ಹೆಸರು ಮೂಡಲೆಂದು, ಅದರ ಇರವನ್ನು ಸಾರುವ ಡಬ್ಲ್ಯೂಎಸ್‌ಡಿಡಿಯನ್ನೂ ಹಾಕಿದೆ. ಹೆಸರು ಮೂಡಲಿಲ್ಲ.

ಭಾನುವಾರ

ಲ್ಯಾಪ್‌ಟಾಪಿನ ನೆಟ್‌ವರ್ಕ್ 'ಪಬ್ಲಿಕ್' ಎಂದಿತ್ತು, 'ಪ್ರೈವೇಟ್' ಮಾಡಿದೆ. ಪ್ರಯೋಜನವಾಗಲಿಲ್ಲ.

ಆಮೇಲೆ ಪಿಂಗ್ ಮಾಡಿದೆ, ಅಂದರೆ ಒಂದು ಕಂಪ್ಯೂಟರಿನಿಂದ ಇನ್ನೊಂದನ್ನು ಕೂಗಿ ನೋಡಿದೆ. ಮೆತ್ತಿನಿಂದ ಜಗಲಿಗೆ ಕೂಗಿದರೆ ಉತ್ತರ ಬರುತ್ತಿದೆ, ಜಗಲಿಯಿಂದ ಮೆತ್ತಿಗೆ ಕೂಗಿದರೆ ಇಲ್ಲ. ಈ ಒಂದೇ ಮುಖದ ಮಾತುಕತೆ ನನ್ನನ್ನು ಅರ್ಧ ದಿನ ಕಾಡಿತು. ಕೊನೆಗೆ ಎರಡೂ ವಿಳಾಸಗಳನ್ನು ಕಾಗದದಲ್ಲಿ ಒಂದರ ಕೆಳಗೆ ಒಂದು ಬರೆದೆ: 192.168.1.20, 192.168.0.105. ಮೂರನೆಯ ಅಂಕಿ ಬೇರೆ! ಒಂದೇ ಸೂರಿನಡಿ ಎರಡು ಮನೆ. ಹೋದ ವರ್ಷ ಮೆತ್ತಿಗೆ ವೈಫೈ ಸಾಲದೆಂದು ಇಟ್ಟ ಎರಡನೆಯ ರೂಟರಿಗೆ ಕೆಳಗಿನಿಂದ ಬಂದ ಕೇಬಲ್ಲನ್ನು ನಾನೇ ವ್ಯಾನ್ ಪೋರ್ಟಿಗೆ (ಹೊರಗಿನ ಜಾಲಕ್ಕಿರುವ ಕಿಂಡಿ) ಸಿಕ್ಕಿಸಿದ್ದೆ. ಅದು ತನ್ನದೇ ವಿಳಾಸಗಳನ್ನು ಹಂಚುತ್ತ ಮೆತ್ತಿನ ಉಪಕರಣಗಳನ್ನೆಲ್ಲ ತನ್ನ ಬೆನ್ನ ಹಿಂದೆ ಇಟ್ಟುಕೊಂಡಿತ್ತು. 'ನಾನಿಲ್ಲಿದ್ದೇನೆ' ಎಂದು ಜಗಲಿಯ ಕಂಪ್ಯೂಟರ್ ಸಾರುವ ಸಂದೇಶ ರೂಟರನ್ನು ದಾಟುವುದಿಲ್ಲ. ಹೆಸರು ಕಾಣದ್ದು ಅದಕ್ಕೇ.

ಎರಡನೆಯ ರೂಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಆರಿಸಿ, ಅದಕ್ಕೆ 192.168.1.2 ಕೊಟ್ಟು, ಕೇಬಲ್ಲನ್ನು ಮನೆಯೊಳಗಿನ ಜಾಲದ ಲ್ಯಾನ್ ಪೋರ್ಟಿಗೆ ಬದಲಿಸಿದೆ. ಲ್ಯಾಪ್‌ಟಾಪಿಗೆ ಹೊಸ ವಿಳಾಸ ಸಿಕ್ಕಿ ಎರಡು ನಿಮಿಷದಲ್ಲಿ ಜಗಲಿಯ ಹೆಸರು ಪಟ್ಟಿಯಲ್ಲಿ ಬಂತು. ಎಷ್ಟು ಹಿಗ್ಗಾಯಿತೆಂದರೆ ಕೆಳಗಿಳಿದು ಆಯಿಗೂ ಹೇಳಿ ಬಂದೆ.

ಸೋಮವಾರ

ಹೆಸರೇನೋ ಬಂತು, ಫೋಲ್ಡರ್ ತೆರೆಯಲಿಲ್ಲ. ಗುರುತು ಹೇಳದ ಅತಿಥಿಗೆ ಪ್ರವೇಶವಿಲ್ಲ ಎಂದು ವಿಂಡೋಸ್ ತಡೆಯಿತು. ಪಾಸ್‌ವರ್ಡ್ ರಗಳೆ ಬೇಡವೆಂದು ಸಾಂಬಾದಲ್ಲಿ ಅತಿಥಿಗೂ ಅನುಮತಿ ಕೊಟ್ಟಿದ್ದೆ. ಆದರೆ ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊದಲ್ಲಿ ಅಂಥ ಸಂಪರ್ಕ ತಾನಾಗಿಯೇ ಬಂದ್. ಕಡತ ಹಂಚುವ ಹಳೆಯ ವಿಧಾನವಾದ ಎಸ್‌ಎಂಬಿ1 ಚಾಲೂ ಮಾಡು ಎಂದು ಪರಿಚಯದವರೊಬ್ಬರು ಸಲಹೆ ಕೊಟ್ಟರು. ಒಪ್ಪಲಿಲ್ಲ. 2017ರಲ್ಲಿ ಕಡತಗಳನ್ನು ಒತ್ತೆಯಿಡುವ ವನ್ನಾಕ್ರೈ ಕುತಂತ್ರಾಂಶ ಹರಡಿದ್ದು ಅದರೊಳಗಿನ ದೋಷದಿಂದಲೇ. ಅಪ್ಪಯ್ಯನ ಸಂಗ್ರಹವನ್ನು ಅಂಥ ಬಾಗಿಲ ಹಿಂದೆ ಇಡಲು ನನಗೆ ಮನಸ್ಸಿಲ್ಲ.

smbpasswd ಆಜ್ಞೆಯಿಂದ ನನ್ನ ಹೆಸರಿಗೆ ಸಾಂಬಾ ಪಾಸ್‌ವರ್ಡ್ ಮಾಡಿದೆ. ಲಿನಕ್ಸಿಗೆ ಲಾಗಿನ್ ಆಗುವ ಪಾಸ್‌ವರ್ಡೇ ಇಲ್ಲಿಗೂ ನಡೆಯುತ್ತದೆ ಎಂದುಕೊಳ್ಳಬೇಡಿ, ಸಾಂಬಾ ತನ್ನದನ್ನು ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಫೋಲ್ಡರ್ ತೆರೆಯಿತು.

ಬುಧವಾರ

ಕಡತಗಳು ಸೆಕೆಂಡಿಗೆ 11 ಎಂಬಿಯ ಮೇಲೆ ಏರುತ್ತಲೇ ಇಲ್ಲ. ಎರಡೂ ರೂಟರುಗಳದ್ದು ಗಿಗಾಬಿಟ್ (ಸೆಕೆಂಡಿಗೆ ಸಾವಿರ ಮೆಗಾಬಿಟ್) ಪೋರ್ಟ್, ಎಂಟು ಬಿಟ್ಟಿಗೆ ಒಂದು ಬೈಟಿನ ಲೆಕ್ಕದಲ್ಲಿ ಈ ವೇಗವೋ ನೂರು ಮೆಗಾಬಿಟ್ಟಿನದು. ಕೇಬಲ್ಲಿನ ಮೇಲಿನ ತುದಿ ಬಿಚ್ಚಿ ಟಾರ್ಚ್ ಹಿಡಿದೆ. ಕಂದು ಜೋಡಿಯ ಎರಡು ಪಿನ್ನುಗಳ ಮೇಲೆ ತೆಳ್ಳಗೆ ಹಸಿರು ಕಿಲುಬು, ಸೋರುವ ಹಂಚಿನ ಸರಿ ಕೆಳಗೆ. ನೂರರ ವೇಗಕ್ಕೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿದೆ. ಈಗ ವೈಫೈಯಲ್ಲೇ 40 ಎಂಬಿ ದಾಟುತ್ತಿದೆ.

ರಾತ್ರಿ ಅಪ್ಪಯ್ಯ ಮೆತ್ತು ಹತ್ತಿ ಬಂದು ಹೆಡ್‌ಫೋನ್ ಹಾಕಿಕೊಂಡ. ಏರು ಪದ ಮುಗಿಯುವವರೆಗೆ ಕಣ್ಣು ತೆರೆಯಲಿಲ್ಲ. ಆಮೇಲೆ, "ಎರಡನೇ ಬದಿ ಇದ್ದಾ?" ಎಂದು ಕೇಳಿದ.