ಸಬ್ ಆಮ್ಯಾಲ ತಗೊಳ್ರಿ, ಮೊದ್ಲ ಡೋರ್ ಬಿಚ್ಚಿ ನೋಡ್ರಿ

ಕಾರಿಗೆ ಹೊಸಾ ಸ್ಪೀಕರ್ ಹಾಕ್ಸೀನಿ ಆದ್ರೂ ಬೇಸ್ ಬರವಲ್ದು, ಸಬ್ ವೂಫರ್ ತಗೊಳ್ಲೇನು ಅಂತ ನಮ್ಮ ಬಾಗಲಕೋಟಿ ಹುಡುಗ್ರು ಕೇಳ್ತಿರ್ತಾರ, ನಾ ಅವ್ರಿಗೆ ತಿರುಗಿ ಕೇಳೋದು ಒಂದ ಮಾತು, ಡೋರ್ ಪ್ಯಾಡ್ (ಡೋರಿನ ಒಳಗಡೆ ಮುಚ್ಚಿದ ಹಲಗಿ) ಬಿಚ್ಚಿ ಒಳಗ ಏನೈತಿ ಅಂತ ನೋಡೀರೇನು? ಭಾಳ ಮಂದಿ ನೋಡಿರಂಗಿಲ್ಲ. ಹಳೇ ಸ್ಪೀಕರ್ ತಗದು ಅದ ಜಾಗಾಕ್ಕ ಹೊಸದು ಕೂಡ್ಸಿ ನಾಕು ಸ್ಕ್ರೂ ಹೊಡ್ದು ಕೊಟ್ಟಿರ್ತಾರ, ಅರ್ಧಾ ತಾಸಿನ ಕೆಲಸ. ಸ್ಪೀಕರ್ ಚಲೋನ ಇರ್ತೈತಿ, ಅದನ್ನ ಕೂಡ್ಸಿದ ಜಾಗಾ ಸರಿ ಇರಂಗಿಲ್ಲ.

ಮೊದ್ಲ ಮಿಡ್‌ಬೇಸ್ ಅಂದ್ರ ಯಾವ ಸಪ್ಪಳ ಅನ್ನೋದು ತಿಳ್ಕೊಬೇಕು. ಸುಮಾರು 80 ಹರ್ಟ್ಜ್‌ದಿಂದ 250-300 ಹರ್ಟ್ಜ್ ತನಕ ಬರೋ ಭಾಗ ಇದು, ಹರ್ಟ್ಜ್ ಅಂದ್ರ ಸಪ್ಪಳ ಸೆಕೆಂಡಿಗೆ ಎಷ್ಟು ಸಲ ಅದುರ್ತೈತಿ ಅನ್ನೋ ಲೆಕ್ಕಾ. ಸಬ್ ವೂಫರ್ ಕೆಲಸ 80ರ ಕೆಳಗ, ಅಂದ್ರ ಸೀಟ್ ಅದುರೋ ಗುಡುಗು. ಆದ್ರ ನಾವು ಈ ಕಡೆ ದಿನಾ ಕೇಳೋದು ಭಜನಾ ಪದ, ಡೊಳ್ಳಿನ ಪದ, ಕರಡಿ ಮಜಲು, ಹಿಂದೂಸ್ತಾನಿ ಗಾಯನ, ಇದ್ರಾಗೆಲ್ಲ ಜೀವ ಇರೋದು ಡಗ್ಗಾದ (ತಬಲಾ ಜೋಡ್ಯಾಗಿನ ದಪ್ಪ ನಾದದ್ದು) ಗುಮಕಿನಾಗ, ಡೊಳ್ಳಿನ ಹೊಡ್ತದಾಗ, ಗಂಡಸಿನ ದಪ್ಪ ದನಿಯೊಳಗ. ಅದರ ದೊಡ್ಡ ಪಾಲು ಬರೋದು ಡೋರ್ ಸ್ಪೀಕರ್‌ದಿಂದ. ಡೋರ್ ಸರಿ ಇಲ್ದ ಡಿಕ್ಕಿಯೊಳಗ 12 ಇಂಚಿನ ಸಬ್ ಇಟ್ರೂ ಹಿಂದ ಒಂದು ಗುಡುಗು ಬ್ಯಾರೆ, ಮುಂದ ಒಂದು ಚಿಲಿಪಿಲಿ ಬ್ಯಾರೆ ಆಗಿ ಕೇಳ್ತೈತಿ, ನಡುವ ಏನೂ ಇರಂಗಿಲ್ಲ.

ಈಗ ಯಾಕ ಹಿಂಗ ಅಂತ ನೋಡೂನು. ಸ್ಪೀಕರಿನ ಕೋನ್ (ಅದುರೋ ಹಾಳಿ) ಮುಂದ ಬಂದಾಗ ಮುಂದಿನ ಗಾಳಿ ಒತ್ತತೈತಿ, ಅದ ಹೊತ್ತಿಗೆ ಹಿಂದಿನ ಗಾಳಿ ಜಗ್ಗತೈತಿ. ಅಂದ್ರ ಹಿಂದಿಂದ ಬರೋ ಸಪ್ಪಳ ಮುಂದಿನದಕ್ಕ ಪೂರಾ ಉಲ್ಟಾ. ಎರಡೂ ಒಂದಕ್ಕೊಂದು ಕೂಡಿದ್ರ ಒಂದನ್ನ ಒಂದು ತಿಂದು ಹಾಕ್ತಾವ. ಹೆಣ್ಣುಮಕ್ಕಳ ದನಿ, ತಾಳದ ಸಪ್ಪಳ, ಇಂಥವಕ್ಕ ಇದ್ರಿಂದ ಅಷ್ಟು ತೊಂದ್ರಿ ಇಲ್ಲ, ಅವುಗಳ ಅಲಿ ಸಣ್ಣವು, ನೆಟ್ಟಗ ಮುಂದ ಹೋಗ್ತಾವ. ಆದ್ರ 100 ಹರ್ಟ್ಜಿನ ಒಂದು ಅಲಿ ಹತ್ರ ಹತ್ರ 3.4 ಮೀಟರ್ ಉದ್ದ ಇರ್ತೈತಿ, ಅದು ಎಲ್ಲಿ ಸಂದಿ ಸಿಗ್ತೈತಿ ಅಲ್ಲಿ ಸುತ್ತಿ ಬರ್ತೈತಿ. ಡೋರ್ ಪ್ಯಾಡ್ ತಗದು ನೋಡ್ರಿ, ಒಳಗಿನ ಪತ್ರಾದಾಗ ಅಂಗೈಗಿಂತ ದೊಡ್ಡ ತೂತು ಕಾಣ್ತಾವ, ಪಾವರ್ ವಿಂಡೋ ಮೋಟರ್ ಕೂಡ್ಸೂ ಸಲವಾಗಿ, ಲಾಕಿನ ಕಡ್ಡಿ ಹಾಯಿಸೂ ಸಲವಾಗಿ ಬಿಟ್ಟಿದ್ದು, ಭಾಳಷ್ಟು ಗಾಡ್ಯಾಗ ಅದರ ಮ್ಯಾಲ ಒಂದು ತೆಳ್ಳನ ಪ್ಲಾಸ್ಟಿಕ್ ಹಾಳಿ ಅಂಟಿಸಿರ್ತಾರ ಅಷ್ಟ. ಆ ಹಾಳಿ ನೀರು ತಡಿಲಿಕ್ಕ ಐತಿ, ಸಪ್ಪಳ ತಡಿಲಿಕ್ಕಲ್ಲ. ಡಗ್ಗಾದ ಹೊಟ್ಟಿ ಒಡ್ದು ತೂತು ಬಿದ್ರ ಎಂಥಾ ಉಸ್ತಾದ ಬಾರ್ಸಿದ್ರೂ ನಾದ ಬರಂಗಿಲ್ಲಲ್ಲ, ಇಲ್ಲೂ ಹಂಗ. ಡೋರ್ ಅನ್ನೋದ ಆ ಸ್ಪೀಕರಿನ ಡಬ್ಬಿ, ಡಬ್ಬಿ ಮುಚ್ಚಿರಬೇಕು.

ಹಂಗಾಗಿ ಕೆಲಸ ಎರಡು ಥರದ್ದು, ಒಂದು ಪತ್ರಾ ನಡುಗೋದು ನಿಲ್ಲಸೋದು, ಇನ್ನೊಂದು ತೂತು ಮುಚ್ಚೋದು. ಮಂದಿ ಮೊದಲಿನದು ಮಾಡಿ ಎರಡನೇದು ಬಿಡ್ತಾರ, ನನ್ನ ಪ್ರಕಾರ ಎರಡನೇದ ಹೆಚ್ಚಿಂದು.

ನಡುಗೋದಕ್ಕ ಬ್ಯೂಟೈಲ್ ಶೀಟ್ ಬರ್ತಾವ, ಮ್ಯಾಲ ಅಲ್ಯುಮಿನಿಯಂ ಹಾಳಿ, ಕೆಳಗ ಅಂಟಂಟ ರಬ್ಬರ್, ಸುಮಾರು 2 ಎಂಎಂ ದಪ್ಪ. ಡಾಂಬರಿನ ಶೀಟ್ ಅಗ್ಗ ಸಿಗ್ತೈತಿ ಅಂತ ಅದಕ್ಕ ಕೈ ಹಾಕಬ್ಯಾಡ್ರಿ, ಏಪ್ರಿಲ್ ಮೇದಾಗ ನಮ್ಮ ನವನಗರದಾಗ ಬಿಸಲಿಗೆ ನಿಲ್ಲಿಸಿದ ಗಾಡಿ ಡೋರ್ ಮುಟ್ಟಲಿಕ್ಕ ಬರಂಗಿಲ್ಲ, ಅಷ್ಟು ಕಾಯ್ತೈತಿ, ಆ ಕಾವಿಗೆ ಡಾಂಬರ್ ಮೆತ್ತಗಾಗಿ ಕೆಳಗ ಜಾರ್ತೈತಿ, ಗಾಡಿ ತುಂಬ ನಾತ. ಬ್ಯೂಟೈಲ್ ಅಂಟಿಸೂ ಮೊದ್ಲ ಒಳಗ ಒರಸಬೇಕು, ಯರಿ ಮಣ್ಣಿನ ಧೂಳು ಡೋರಿನೊಳಗ ಎಷ್ಟು ಕೂತಿರ್ತೈತಿ ಅನ್ನೋದು ಅರಬಿ ಹಾಕಿ ಒರಸಿದಾಗ ಗೊತ್ತಾಗ್ತೈತಿ. ಮೊದ್ಲ ಹಸಿ ಅರಬಿ, ಒಣಗಿದ ಮ್ಯಾಲ ಐಸೊಪ್ರೊಪೈಲ್ ಆಲ್ಕೋಹಾಲ್. ಥಿನ್ನರ್ ಬ್ಯಾಡ, ಬಣ್ಣ ತಿಂತೈತಿ. ಆಮ್ಯಾಲ ಅಂಟಿಸಿ ಸಣ್ಣ ರೋಲರ್‌ಲೆ ಗಟ್ಟಿ ಒತ್ತಿ ತಿಕ್ಕಬೇಕು, ಶೀಟಿನ ಮ್ಯಾಲಿನ ಉಬ್ಬು ಡಿಸೈನ್ ಚಪ್ಪಟ ಆಗೂ ತನಕ. ಹೊರಗಿನ ಪತ್ರಾಕ್ಕ ಪೂರಾ ಮುಚ್ಚೋ ಗರಜ ಇಲ್ಲ, ನಡು ಭಾಗದಾಗ ಸುಮಾರು 25 ಪರ್ಸೆಂಟ್ ಜಾಗಾ ಮುಚ್ಚಿದ್ರ ನಡುಗೋದು ಭಾಳಷ್ಟು ನಿಲ್ತೈತಿ, ಬೆರಳಿಲೆ ಬಡದು ನೋಡ್ರಿ, ಟಣ್ ಅನ್ನೋದು ಹೋಗಿ ಧಪ್ ಅಂದ್ರ ಸಾಕು. ಸ್ಪೀಕರಿನ ನೆಟ್ಟಗ ಹಿಂದಿನ ಜಾಗಾಕ್ಕ ಮಾತ್ರ ಕೈ ಬಿಚ್ಚಿ ಹಾಕ್ರಿ.

ಒಳಗಿನ ಪತ್ರಾದ ದೊಡ್ಡ ತೂತಿನ ಮ್ಯಾಲ ಭಾಳ ಕಡೆ ಬರೇ ಬ್ಯೂಟೈಲ್ ಶೀಟ್ ಜಗ್ಗಿ ಅಂಟಿಸಿ ಬಿಡ್ತಾರ. ಅದು ಮೆತ್ತಗಿನ ವಸ್ತು, ಬೇಸ್ ಬಂದಾಗೆಲ್ಲ ಉಬ್ಬತೈತಿ ತಗ್ಗತೈತಿ, ಅರ್ಧಾ ಕೆಲಸ ಅಷ್ಟ ಆಕ್ಕೈತಿ. ಬದ್ಲಿ ತೂತಿನ ಅಳತಿಗೆ ಒಂದು ರಟ್ಟು ಕತ್ತರಿಸ್ಕೊಂಡು, ಅದ ಅಳತಿಲೆ ಒಂದು ಒಂದೂವರಿ ಎಂಎಂ ಅಲ್ಯುಮಿನಿಯಂ ತಗಡು ಕತ್ತರಿಸಿ, ಅಂಚಿಗೆ ಫೋಮ್ ಟೇಪ್ ಹಚ್ಚಿ ಸ್ಕ್ರೂ ಹಾಕಿ ಕೂಡಸ್ರಿ, ಅದರ ಮ್ಯಾಲ ಬ್ಯೂಟೈಲ್. ಸ್ಕ್ರೂ ಯಾಕಂದ್ರ ನಾಳೆ ವಿಂಡೋ ಮೋಟರ್ ಹೋದ್ರ ಮೆಕ್ಯಾನಿಕ್ ಅದನ್ನ ಬಿಚ್ಚಬೇಕು, ಖಾಯಂ ಬೆಸುಗಿ ಮಾಡಿದ್ರ ಅವ ಹರದ ಹಾಕ್ತಾನ. ಮತ್ತ ಕೆಲವು ಗಾಡ್ಯಾಗ ಸೈಡ್ ಏರ್‌ಬ್ಯಾಗಿನ ಪ್ರೆಶರ್ ಸೆನ್ಸರ್ ಡೋರಿನೊಳಗ ಇರ್ತೈತಿ, ಅದು ಗಾಳಿ ಒತ್ತಡ ನೋಡಿ ಕೆಲಸ ಮಾಡೋದು, ಅಂಥಾ ಗಾಡಿ ಇದ್ರ ಮೊದ್ಲ ಸರ್ವಿಸ್ ಸೆಂಟರ್‌ದಾಗ ಕೇಳದ ತೂತಿಗೆ ಕೈ ಹಚ್ಚಬ್ಯಾಡ್ರಿ.

ಡೋರಿನ ಕೆಳ ಅಂಚಿನ್ಯಾಗ ಸಣ್ಣ ಸಣ್ಣ ತೂತು ಇರ್ತಾವ, ಗ್ಲಾಸಿನ ಸಂದ್ಯಾಗಿಂದ ಒಳಗ ಇಳಿದ ಮಳಿ ನೀರು ಹೊರಗ ಹೋಗೋ ಹಾದಿ ಅದು. ಅವನ್ನ ಮಾತ್ರ ಮುಚ್ಚಬಾರ್ದು, ಮುಚ್ಚಿದ್ರ ನೀರು ನಿಂತು ಡೋರ್ ಜಂಗ್ ಹಿಡೀತೈತಿ. ಪ್ಯಾಡ್ ತಿರುಗಿ ಹಾಕೂ ಮೊದ್ಲ ಗ್ಲಾಸಿನ ಮ್ಯಾಲಿಂದ ಒಂದು ತಂಬಿಗಿ ನೀರು ಬಿಟ್ಟು ಕೆಳಗ ಹೊರಗ ಬರ್ತೈತೇನು ನೋಡ್ರಿ. ಇದ ಕಾರಣಕ್ಕ ಒಳಗ ಹಾಸಿಗಿ ಸ್ಪಂಜ್ ಹಾಕಬಾರ್ದು, ನೀರು ಕುಡೀತೈತಿ, ಫೋಮ್ ಬೇಕಂದ್ರ ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್ ಹಾಕ್ರಿ.

ಇನ್ನ ಸ್ಪೀಕರ್ ಕೂಡ್ಸೋ ರಿಂಗ್. ಕಂಪನಿಯ ತೆಳ್ಳನ ಪ್ಲಾಸ್ಟಿಕ್ ಬ್ರಾಕೆಟ್ ಮ್ಯಾಲ 6.5 ಇಂಚಿನ ಭಾರದ ಸ್ಪೀಕರ್ ಹಾಕಿದ್ರ ರಿಂಗ್ ಸೈತ ನಡುಗ್ತೈತಿ. ಬಡಗ್ಯಾರ ಕಡೆ ಎಂಡಿಎಫ್ (ಕಟಗಿ ನಾರು ಒತ್ತಿ ಮಾಡಿದ ಹಲಗಿ) ರಿಂಗ್ ಕೊರ್ಸೋದು ಸುಲಭ ಖರೇ, ಆದ್ರ ಒಂದು ಮಳಿಗಾಲಕ್ಕ ಉಬ್ಬತೈತಿ. ಗಟ್ಟಿ ಪಿವಿಸಿ ಬೋರ್ಡ್ ಇಲ್ಲಾ ವಾಟರ್‌ಪ್ರೂಫ್ ಪ್ಲೈವುಡ್‌ಗೆ ಬಣ್ಣ ಹಚ್ಚಿ ಮಾಡ್ಸ್ರಿ. ರಿಂಗ್ ಹಾಕಿದ ಮ್ಯಾಲ ಗ್ಲಾಸ್ ಪೂರಾ ಇಳಿಸಿ ಮ್ಯಾಗ್ನೆಟ್‌ಗೆ ತಾಗ್ತೈತೇನು ನೋಡಬೇಕು, ರಿಂಗ್ ಮತ್ತ ಪತ್ರಾ ನಡುವ ಫೋಮ್, ಸ್ಪೀಕರ್ ಮತ್ತ ಪ್ಯಾಡಿನ ಜಾಳಗಿ ನಡುವನೂ ದಪ್ಪ ಫೋಮ್ ಸುತ್ತಬೇಕು. ಈ ಕೊನೇ ಫೋಮ್ ಭಾಳ ಮಂದಿ ಮರೀತಾರ, ಆಗ ಮುಂದಿನ ಸಪ್ಪಳ ಗಾಡ್ಯಾಗ ಬರೋದ ಬಿಟ್ಟು ಪ್ಯಾಡಿನ ಹಿಂದ ಹೊಕ್ಕೊಂಡು ಕ್ಲಿಪ್ ಕಟಕಟ ಅನಸ್ತೈತಿ.

ನನ್ನ ಅಳಿಯ ತಬಲಾ ಕಲೀತಾನ, ಅವನ ಹ್ಯಾಚ್‌ಬ್ಯಾಕ್ ಮಾಡುವಾಗ ಬೇಕಂತ ಎಡಗಡೆ ಡೋರ್ ಒಂದ ಮುಗಿಸಿ ಬಲಗಡೆದು ಹಂಗ ಬಿಟ್ಟಿದ್ವಿ. ಒಂದು ಮೋನೋ (ಎರಡೂ ಕಡೆ ಅದ ಸಪ್ಪಳ ಬರೋ) ರೆಕಾರ್ಡಿಂಗ್ ಹಚ್ಚಿ ಬ್ಯಾಲೆನ್ಸ್ ಆ ಕಡೆ ಈ ಕಡೆ ತಿರುಗಿಸಿ ಕೇಳಿಸಿದೆ. "ಮಾಮಾ, ಈ ಕಡೆ ಡಗ್ಗಾ ಐತಿ, ಆ ಕಡೆ ಬರೇ ತಬಲಾ ಅಷ್ಟ ಐತಿ" ಅಂದ. ಅದ ಸ್ಪೀಕರ್, ಅದ ಸ್ಟೀರಿಯೋ, ಅದ ವಾಲ್ಯೂಮ್. ನಿಮಗೂ ನಂಬಿಕಿ ಬರ್ಲಿಲ್ಲಂದ್ರ ಹಿಂಗ ಒಂದ ಡೋರ್ ಮೊದ್ಲ ಮಾಡಿ ಕೇಳ್ರಿ, ರೊಕ್ಕ ಮುಂದ ಹಾಕೋದೋ ಬಿಡೋದೋ ಕಿವಿನ ಹೇಳ್ತೈತಿ.

ಡೋರ್ ಆದ ಮ್ಯಾಲ ವೈರಿಂಗ್. ಒಂದು ಡೋರಿಂದು ಪ್ಲಸ್ ಮೈನಸ್ ಅದಲಬದಲ ಆಗಿದ್ರ ಎರಡೂ ಕಡೀದು ನಡುವ ಬಂದು ಒಂದನ್ನ ಒಂದು ತಿಂದು ಬೇಸ್ ಸಾಯ್ತೈತಿ. 1.5 ವೋಲ್ಟಿನ ಪೆನ್ಸಿಲ್ ಸೆಲ್ ತಗೊಂಡು ಸ್ಪೀಕರ್ ವೈರಿಗೆ ಒಂದು ಕ್ಷಣ ಮುಟ್ಟಸ್ರಿ, ಪ್ಲಸ್‌ಗೆ ಪ್ಲಸ್ ಮುಟ್ಟಿದಾಗ ಕೋನ್ ಹೊರಗ ಬರಬೇಕು, ಎರಡೂ ಡೋರ್‌ದಾಗ. ಸ್ಟೀರಿಯೋದಿಂದ ಆ ವೈರ್ ಬಿಡಿಸಿದ ಮ್ಯಾಲ ಇದನ್ನ ಮಾಡೋದು, ನೆನಪಿರ್ಲಿ.

ಸ್ಟೀರಿಯೋ ಡಬ್ಬಿ ಮ್ಯಾಲ 50 ವ್ಯಾಟ್ ಗುಣಲೆ 4 ಅಂತ ಬರ್ದಿರ್ತಾರ. ಗಾಡಿ ಚಾಲೂ ಇದ್ದಾಗ ಸಿಗೋದು 14.4 ವೋಲ್ಟ್, ಅಷ್ಟರಾಗ 4 ಓಮ್ ಸ್ಪೀಕರ್‌ಗೆ ಸ್ವಚ್ಛ ಸಪ್ಪಳ ಕೊಡಬಹುದಾದ್ದು ಲೆಕ್ಕಾ ಹಾಕಿದ್ರ 26 ವ್ಯಾಟಿನ ಆಸುಪಾಸು, ಖರೇ ಸಿಗೋದು ಅದಕ್ಕಿಂತ ಕಡಿಮಿ. ದನಿಗೆ ಇದು ಸಾಕು, ಮಿಡ್‌ಬೇಸ್‌ಗೆ ಸಾಲಂಗಿಲ್ಲ, ಸಣ್ಣದೊಂದು ನಾಕು ಚಾನೆಲ್ ಆಂಪ್ (ಸ್ಪೀಕರ್‌ಗೆ ಪಾವರ್ ಕೊಡೋ ಆಂಪ್ಲಿಫೈಯರ್) ಹಾಕ್ಸಿದ್ರ ಹೊಡ್ತ ಬ್ಯಾರೇನ ಬರ್ತೈತಿ. ಸಬ್ ಇದ್ರ ಡೋರ್ ಸ್ಪೀಕರ್‌ಗೆ ಹೈ ಪಾಸ್ (ಅದರ ಕೆಳಗಿನ ಸಪ್ಪಳ ತಡಿಯೋ ಸೆಟ್ಟಿಂಗ್) 80 ಹರ್ಟ್ಜಿಗೆ ಇಡ್ರಿ, ಸಬ್ ಇಲ್ಲಂದ್ರ 60ರ ಸುತ್ತಮುತ್ತ. ಕೆಳಗಿನ ಭಾರ ತಗದ್ರ ಕೋನ್ ಸುಮ್ನ ಒದ್ದಾಡೋದು ತಪ್ಪತೈತಿ, ಮ್ಯಾಲಿನದು ಸ್ವಚ್ಛ ಆಕ್ಕೈತಿ. ಬೇಸ್ ಬಟನ್ ಪೂರಾ ತಿರುವೋ ಚಟ ಇದ್ದವ್ರಿಗೆ ಮೊದ್ಲ ಸ್ವಲ್ಪ ಬೋಳ ಅನಸ್ತೈತಿ, ಕಿವಿ ಹೊಂದ್ಕೊಳ್ಲಿಕ್ಕ ಒಂದಷ್ಟು ದಿನಾ ಕೊಡ್ರಿ.

ಟೈಮ್ ಅಲೈನ್‌ಮೆಂಟ್ ಇರೋ ಸ್ಟೀರಿಯೋ ಇದ್ರ ಅದನ್ನ ಬಿಡಬ್ಯಾಡ್ರಿ, ಹತ್ರದ ಸ್ಪೀಕರ್ ತಡಾ ಮಾಡಿ ಎರಡರ ಸಪ್ಪಳ ಒಂದ ಹೊತ್ತಿಗೆ ಕಿವಿಗೆ ಮುಟ್ಟಿಸೋ ಸೌಲತ್ತು ಅದು. ನಮ್ಮ ಗಾಡ್ಯಾಗ ಡ್ರೈವರ್ ಬಲಕ್ಕ ಕೂಡ್ತಾನ, ಬಲಗಡೆ ಸ್ಪೀಕರ್ ಹತ್ರ, ಎಡಗಡೇದು ದೂರ. ಸಪ್ಪಳ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗ್ತೈತಿ, ಎರಡರ ನಡುವ 50 ಸೆಂಟಿಮೀಟರ್ ಫರಕ್ ಇದ್ರ ಬಲಗಡೇದನ್ನ ಒಂದೂವರಿ ಮಿಲಿಸೆಕೆಂಡ್ ತಡಾ ಮಾಡಬೇಕು. ಟೇಪ್ ಹಿಡ್ದು ಕಿವಿಯಿಂದ ಸ್ಪೀಕರ್ ತನಕ ಅಳೀರಿ, ಅಂದಾಜಿಲೆ ಹಾಕಬ್ಯಾಡ್ರಿ. ಆ ಸೌಲತ್ತು ಇಲ್ಲಂದ್ರ, ಮ್ಯಾಲ ಹೇಳಿದ್ದಕ್ಕ ಉಲ್ಟಾ ಅನಿಸಿದ್ರೂ ಎರಡು ಸ್ಪೀಕರಿನ ದೂರ ಬ್ಯಾರೆ ಇರೋದ್ರಿಂದ, ಒಂದು ಡೋರಿನ ಪ್ಲಸ್ ಮೈನಸ್ ಬೇಕಂತ ಉಲ್ಟಾ ಮಾಡಿ ಡ್ರೈವರ್ ಸೀಟಿನ್ಯಾಗ ಕೂತು ಕೇಳ್ರಿ, ಕೆಲವು ಗಾಡ್ಯಾಗ ಒಮ್ಮೆಲೆ ಡಗ್ಗಾ ತುಂಬಿ ಬರ್ತೈತಿ, ಆಗ ಹಂಗ ಬಿಡ್ರಿ.

ಹಿಂದಿನ ಡೋರ್‌ಗೆ ನಾ ಇಷ್ಟೆಲ್ಲಾ ಖರ್ಚು ಮಾಡಂಗಿಲ್ಲ. ಅಲ್ಲಿ ಕಂಪನಿ ಸ್ಪೀಕರ್ ಇದ್ರ ಇರ್ಲಿ, ಫೇಡರ್ (ಮುಂದ ಹಿಂದ ಸಪ್ಪಳ ಹಂಚೋ ಸೆಟ್ಟಿಂಗ್) ಮುಂದಕ್ಕ ತಿರುಗಿಸಿ ಹಿಂದಿನದು ಸಣ್ಣ ಮಾಡ್ರಿ, ಉಳಿದ ರೊಕ್ಕದಾಗ ಮುಂದಿನ ಎರಡು ಡೋರಿಗೆ ಇನ್ನೊಂದು ಶೀಟ್ ಹೆಚ್ಚಿಗಿ ಬರ್ತೈತಿ.