ಒಂಬತ್ತು ಸೂಜಿಗಳ ಪ್ರಿಂಟರ್

ಇಂದು ಹಳೆಯ ಎಪ್ಸನ್ ಎಂಎಕ್ಸ್-80 ಪ್ರಿಂಟರ್ ಒಂದರ ಮುಚ್ಚಳವನ್ನು ತೆಗೆದು, ಅದು ಕೆಲಸ ಮಾಡುವ ಬಗೆಯನ್ನು ಬಹಳ ಹೊತ್ತು ನೋಡಿದೆ. 1980ರಲ್ಲಿ ಮಾರುಕಟ್ಟೆಗೆ ಬಂದ ಈ ಡಾಟ್ ಮ್ಯಾಟ್ರಿಕ್ಸ್ ಯಂತ್ರದ ಮುದ್ರಣ ತಲೆಯಲ್ಲಿ ಒಂದರ ಕೆಳಗೊಂದು ನಿಂತಿರುವುದು ಒಂಬತ್ತೇ ಸೂಜಿಗಳು. ತಲೆಯು ಅಡ್ಡಲಾಗಿ ಸರಿಯುತ್ತಿರುವಾಗಲೇ ವಿದ್ಯುತ್ಕಾಂತಗಳ ಬಲದಿಂದ ಬೇಕಾದ ಸೂಜಿಗಳು ಮುಂದಕ್ಕೆ ಚಿಮ್ಮಿ, ಶಾಯಿಯ ರಿಬ್ಬನ್ನನ್ನು ಕಾಗದಕ್ಕೆ ಬಡಿದು, ಮರುಕ್ಷಣವೇ ಹಿಂದೆ ಸರಿಯುತ್ತವೆ. ಹೀಗೆ ಬಿದ್ದ ಚುಕ್ಕಿಗಳೇ ಕೂಡಿ ಅಕ್ಷರಗಳಾಗುತ್ತವೆ, ಅದೂ ಸೆಕೆಂಡಿಗೆ 80 ಅಕ್ಷರಗಳ ವೇಗದಲ್ಲಿ. ಒಂದು ಸಾಲನ್ನು ಎಡದಿಂದ ಬಲಕ್ಕೆ ಮುಗಿಸಿದ ತಲೆಯು ಬರಿದೇ ಹಿಂದಿರುಗುವುದಿಲ್ಲ, ಮುಂದಿನ ಸಾಲನ್ನು ಬಲದಿಂದ ಎಡಕ್ಕೆ ಮುದ್ರಿಸಿಕೊಂಡೇ ಬರುತ್ತದೆ. ಈ ಮಿತವ್ಯಯ ನನಗೆ ತುಂಬ ಇಷ್ಟವಾಯಿತು.

ಅಕ್ಷರಗಳು ಒರಟಾಗಿದ್ದವು, ಸದ್ದು ಜೋರಾಗಿತ್ತು, ನಿಜ. ಆದರೆ ಆ ಕಾಲದ ಅನೇಕ ಮನೆ ಕಂಪ್ಯೂಟರುಗಳ ಪರದೆಯಲ್ಲಿ ಸಾಲಿಗೆ 40 ಅಕ್ಷರಗಳಂತೆ ಇಪ್ಪತ್ತೈದು ಸಾಲುಗಳಿಗಿಂತ ಹೆಚ್ಚು ಕಾಣಿಸುತ್ತಿರಲಿಲ್ಲ ಎಂಬುದನ್ನು ನೆನೆದರೆ, ಅಂಚಿನಲ್ಲಿ ರಂಧ್ರಗಳಿದ್ದ ಆ ಮಡಿಕೆ ಕಾಗದದ ಬೆಲೆ ತಿಳಿಯುತ್ತದೆ. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಾನೇ ಬರೆದ ಪ್ರೋಗ್ರಾಮನ್ನು ಆದಿಯಿಂದ ಅಂತ್ಯದವರೆಗೆ ನೆಲದ ಮೇಲೆ ಹರಡಿಕೊಂಡು, ಪೆನ್ಸಿಲ್ ಹಿಡಿದು ತಪ್ಪು ಹುಡುಕುವ ಅವಕಾಶವನ್ನು ಕೊಟ್ಟದ್ದು ಈ ಯಂತ್ರ. ಮುದ್ರಣದ ಅಂದಕ್ಕಿಂತ ಇದೇ ಅದರ ದೊಡ್ಡ ಕೊಡುಗೆ ಎಂದು ನಾನು ಭಾವಿಸುತ್ತೇನೆ.